ಫಿಲ್ಮಿನೊಳಗಿನ ಹೆಬ್ಬೆರಳು

ಅಪ್ಪ ಎದೆನೋವಿನಿಂದ ತೀರಿಕೊಂಡ ಮೂರನೇ ತಿಂಗಳಿಗೆ ಅವನ ಕೆಲಸದ ಬದಲು ನನಗೊಂದು ಕೆಲಸ ಕೊಟ್ಟರು. ಶಹಾಬಾದದ ಎರಕದ ಕಾರ್ಖಾನೆಯಲ್ಲಿ ಅವನು ಕೋರು ಮಾಡುತ್ತಿದ್ದ. ಪಂಪಿನ ಒಡಲು ಟೊಳ್ಳಾಗಿ ಬರಲೆಂದು ಅಚ್ಚಿನ ನಡುವೆ ಇಡುವ ಮರಳಿನ ಗಟ್ಟಿಗೆ ಕೋರು ಅನ್ನುತ್ತಾರೆ. ಮರಳಿಗೆ ಕಾಕಂಬಿ ಕಲಸಿ, ಮರದ ಪೆಟ್ಟಿಗೆಯಲ್ಲಿ ತುಂಬಿ ಬಡಿದು ತೆಗೆಯಬೇಕು. ಅಪ್ಪನ ಅಂಗಿ ಎಷ್ಟು ಒಗೆದರೂ ಸುಟ್ಟ ಬೆಲ್ಲದ ವಾಸನೆ ಬಿಡುತ್ತಿರಲಿಲ್ಲ. ಹೆಣ್ಣುಮಗಳನ್ನು ಮರಳಿನಲ್ಲಿ ಕೂರಿಸಲು ಮನಸ್ಸಾಗದೆ, ಮೆಟ್ರಿಕ್ ಪಾಸಾಗಿದ್ದಾಳೆ ಎಂಬ ನೆಪದಿಂದ ನನ್ನನ್ನು ಎಕ್ಸ್‌ರೇ ಖೋಲಿಗೆ ಹಾಕಿದರು.

ಡಾಕ್ಟರು ಮನುಷ್ಯನ ಎದೆ ನೋಡುವ ಹಾಗೆ ನಾವು ಪಂಪಿನ ಒಡಲು ನೋಡುತ್ತಿದ್ದೆವು. ಕೊರಳು ಎಷ್ಟು ಸಣ್ಣದೆಂದರೆ ಒಳಗೆ ಕೈ ಹೋಗುತ್ತಿರಲಿಲ್ಲ, ಕಣ್ಣಂತೂ ದೂರ. ಕತ್ತಲೆ ಖೋಲಿಯಲ್ಲಿ ಫಿಲ್ಮು ತೊಳೆದು, ಒಣಗಿಸಿ, ಹಾಲುಗಾಜಿನ ಹಿಂದೆ ದೀಪ ಉರಿಯುವ ಪೆಟ್ಟಿಗೆಯ ಮೇಲೆ ನಾನು ತೂಗುಹಾಕಬೇಕು. ಎಡಕ್ಕೆ ದೋಷವಿಲ್ಲದ ಮಾದರಿ ಫಿಲ್ಮು, ಬಲಕ್ಕೆ ಅಂದಿನದು. ಕಬ್ಬಿಣ ದಪ್ಪವಿದ್ದಲ್ಲಿ ಬೆಳ್ಳಗೆ, ತೆಳುವಿದ್ದಲ್ಲಿ ಕಪ್ಪಗೆ ಕಾಣುತ್ತದೆ. ಅನುಮಾನ ಬಂದಲ್ಲಿ ಬಿಳಿ ಪೆನ್ಸಿಲಿನಿಂದ ಸುತ್ತು ಹಾಕುವುದು ನನ್ನ ಕೆಲಸ. ಹನ್ನೊಂದಕ್ಕೆ ತನಿಖೆಯ ಸಾಹೇಬರು ಬಂದು ಪಾಸೋ ಫೇಲೋ ಹೇಳುವರು. ಅವರ ಕನ್ನಡಕ ಶಹಾಬಾದದ ಹಾಸುಗಲ್ಲಿನಷ್ಟು ದಪ್ಪ. ನಾನು ಸುತ್ತು ಹಾಕದಿದ್ದರೆ ಫಿಲ್ಮಿನಲ್ಲಿ ಆನೆ ನಿಂತಿದ್ದರೂ ಅವರಿಗೆ ಕಾಣುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆಂಪು ದೀಪದಡಿ ಫಿಲ್ಮನ್ನು ಔಷಧದ ನೀರಿಗೆ ಇಳಿಸಿದ್ದೆ. ಹೆಚ್ಚು ಕಪ್ಪಾಗುವ ಜಾಗ ನೀರಿನಲ್ಲಿ ಮೊದಲು ಮೂಡುತ್ತದೆ. ಪಂಪು ಇನ್ನೂ ಮೂಡಿರಲಿಲ್ಲ, ಅಷ್ಟರಲ್ಲಿ ನಟ್ಟನಡುವೆ ಕವಡೆಯಷ್ಟು ಉದ್ದನೆಯ ಒಂದು ಕಲೆ ಎದ್ದುಬಂತು. ನನ್ನದೇ ಒದ್ದೆ ಬೆರಳು ತಾಗಿದೆ ಎಂದು ನನಗೆ ನಾನೇ ಬೈದುಕೊಂಡೆ. ಆ ತಪ್ಪು ಹೊಸಬರಿಗೆಲ್ಲ ಆಗುತ್ತದೆ. ಎರಡನೇ ಸಲ ಫಿಲ್ಮು ತೆಗೆಸಿ, ಅಂಚು ಮಾತ್ರ ಹಿಡಿದು ತೊಳೆದೆ. ಅದೇ ಜಾಗದಲ್ಲಿ ಅದೇ ಕಲೆ. ಸುತ್ತು ಹಾಕಿದೆ, ಸಾಹೇಬರು ಒಳಗೆ ಗಾಳಿ ಸಿಕ್ಕಿದೆ ಎಂದು ಫೇಲು ಮಾಡಿದರು.

ಮುಂದಿನ ವಾರ ಇನ್ನೊಂದು ಒಡಲು ಬಂತು. ಕಲೆ ಅಲ್ಲೇ ಇತ್ತು. ಎರಡೂ ಫಿಲ್ಮು ಅಕ್ಕಪಕ್ಕ ತೂಗುಹಾಕಿದೆ. ಗಾಳಿಗುಳ್ಳೆ ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುವುದಿಲ್ಲ. ಇವೆರಡೂ ಪಡಿಯಚ್ಚು. ಮಸೂರ ಇಟ್ಟು ಬಗ್ಗಿದಾಗ ಕಲೆಯ ತುದಿಯಿಂದ ಓರೆಯಾಗಿ ಇಳಿದ ಒಂದು ಬಿಳಿ ಗೆರೆ ಕಂಡಿತು. ಅಪ್ಪನ ಬಲಗೈ ಹೆಬ್ಬೆರಳು ಉಳಿಯೇಟಿಗೆ ಸೀಳಿ ಹಾಗೇ ಓರೆಯಾಗಿ ಕೂಡಿಕೊಂಡಿತ್ತು. ನಾನು ಸಣ್ಣವಳಿದ್ದಾಗ ಆ ಸೀಳಿನ ಮೇಲೆ ಉಗುರು ಆಡಿಸುತ್ತಲೇ ನಿದ್ದೆ ಹೋಗುತ್ತಿದ್ದೆ.

ಗಾಜಿನ ಆಚೆ ಬದಿ ಅಪ್ಪ ಬೆರಳೊತ್ತಿ ನಿಂತ ಹಾಗಿತ್ತು. ದೀಪದ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಖೋಲಿಯ ತುಂಬ ಔಷಧದ ಹುಳಿ ವಾಸನೆಯೇ ಇರಬೇಕಾದಲ್ಲಿ ನನ್ನ ಮೂಗಿಗೆ ಕಾಕಂಬಿ ಬಡಿಯಿತು. ಹೆದರಿ ದೀಪ ಆರಿಸಿದೆ. ಆಮೇಲೆ, ಅವನೂ ಕತ್ತಲಲ್ಲಿ ಉಳಿದನಲ್ಲ ಎನಿಸಿ ಮತ್ತೆ ಹಚ್ಚಿದೆ. ನನ್ನ ಹೆಬ್ಬೆರಳು ಅದರ ಮೇಲಿಟ್ಟೆ. ಅವನದು ಸುತ್ತಲೂ ಒಂದು ಕಾಳಿನಷ್ಟು ಹೆಚ್ಚಿಗೆ ಉಳಿಯಿತು.

ಇದು ಬೆರಳು ಎಂದು ಆಗಲೇ ಸಾಹೇಬರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಹುಡುಕುತ್ತಾರೆ, ಹುಡುಕಿದರೆ ಅಳಿಸುತ್ತಾರೆ. ನನಗೆ ಮುಂದಿನ ಫಿಲ್ಮು ಬೇಕಾಗಿತ್ತು. ಸುತ್ತು ಹಾಕಿ "ಗಾಳಿಗುಳ್ಳೆ" ಎಂದು ಬರೆದೆ. ಮೂರನೆಯದಕ್ಕೂ ಬರೆದೆ, ನಾಲ್ಕನೆಯದಕ್ಕೂ ಬರೆದೆ. ಫೇಲಾದ ಒಡಲುಗಳನ್ನು ಒಡೆದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮತ್ತೆ ಕರಗಿಸಲೆಂದು ಅವು ಭಟ್ಟಿಯ ಹಿಂದಿನ ಅಂಗಳದಲ್ಲಿ ಬಿದ್ದಿದ್ದವು.

ಆ ಕೋರುಗಳನ್ನೆಲ್ಲ ಈಗ ಮಾಡುತ್ತಿದ್ದವರು ಚಾಚಾ. ಇಪ್ಪತ್ತು ವರ್ಷ ಅಪ್ಪನ ಜೊತೆ ಒಂದೇ ಮಣೆಯ ಮೇಲೆ ಕೆಲಸ ಮಾಡಿದವರು, ಒಂದೇ ಡಬ್ಬಿಯ ಸುಣ್ಣ ತಂಬಾಕು ತಿಂದವರು. ಅಪ್ಪ ಹೋದ ಮೇಲೆ ಅವನ ಕೋರಿನ ಪೆಟ್ಟಿಗೆ, ಅವನ ಜಾಗ ಅವರ ಪಾಲಿಗೆ ಬಂದಿತ್ತು. ನಮ್ಮಲ್ಲೊಂದು ರೂಢಿ ಇತ್ತು: ಮಾಲು ಫೇಲಾದರೆ ಮಾಡಿದವರನ್ನು ಕರೆದು ದೀಪದ ಮುಂದೆ ನಿಲ್ಲಿಸಿ ಫಿಲ್ಮು ತೋರಿಸಬೇಕು. ನಾಲ್ಕನೇ ಫಿಲ್ಮಿನ ದಿನ ಚಾಚಾನ ಹಿಂದೆ ಇನ್ನೂ ಇಬ್ಬರು ಬಂದು ಇಣುಕಿದರು. ಒಬ್ಬ ಮೆಲ್ಲಗೆ ಅಂದ:

"ಗುಳ್ಳಿ ಅಲ್ಲೋ ಇದು, ಹೆಬ್ಬಟ್ಟ. ಸತ್ತಾಂವ ಒತ್ತಲಿಕತ್ತಾನ."

ಮರುದಿನದಿಂದ ಚಾಚಾ ಮಾಡಿದ ಕೋರನ್ನು ಯಾರೂ ಮುಟ್ಟಲಿಲ್ಲ. ಅವರೇ ಹೊತ್ತು, ಅವರೇ ಒಲೆಗಿಟ್ಟು ಬೇಯಿಸಿದರು. ಸಾಹೇಬರು ನನ್ನೆದುರಿಗೇ ಹೇಳಿದರು, "ಇನ್ನೊಂದು ಕೆಟ್ಟರ ಮುದುಕಗ ಕೋರಿನ ಕೆಲಸ ಬಂದ್. ಭಟ್ಟಿ ಬೂದಿ ಹೊರ್ಲಿ." ಬೂದಿ ಹೊರುವ ವಯಸ್ಸು ಅವರದಾಗಿರಲಿಲ್ಲ. ನಾನು ತಲೆ ಬಗ್ಗಿಸಿ ಪೆನ್ಸಿಲು ಚೂಪು ಮಾಡುತ್ತ ಕೂತೆ. ಈಗ ನೆನೆದರೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಶುಕ್ರವಾರದ ನಮಾಜು ಮುಗಿಸಿ ಚಾಚಾ ಎಕ್ಸ್‌ರೇ ಖೋಲಿಯ ಬಾಗಿಲಿಗೆ ಬಂದು ನಿಂತರು. ಚಪ್ಪಲಿ ಹೊರಗೇ ಬಿಟ್ಟಿದ್ದರು.

"ಬೇಟಿ, ಒಂದು ಮಾತು ಕೇಳ್ತೀನಿ, ಖರೇ ಹೇಳು. ನಿಮ್ಮಪ್ಪ ನನ್ನ ಮ್ಯಾಲ ಸಿಟ್ಟಿಲೇ ಹೋಗ್ಯಾನೇನು?"

"ಯಾಕ್ರಿ ಚಾಚಾ?"

"ಅವನ ಜಾಗಾದಾಗ ಕುಂತೀನಿ, ಅದಕ್ಕ ಬಿಡವಲ್ಲ ಅಂತಾರ. ನಿನ್ನೆ ನಿಮ್ಮೂರು ದಂಡೋತಿಗಿ ಹೋಗಿದ್ದೆ. ಹೊಳಿ ದಂಡಿಗಿ ಅವನ್ನ ಮಣ್ಣು ಮಾಡಿದ ಜಾಗಾದ ಮ್ಯಾಲ ಹೂವ ಹಾಕಿ, ಸಕ್ರಿ ಹಂಚಿ, ಮಾಫ್ ಮಾಡು ಅಂತ ಕೇಳ್ಕೊಂಡು ಬಂದೀನಿ. ಮತ್ತೂ ಬಿಡ್ಲಿಕ್ಕಿಲ್ಲ ಅಂದ್ರ ನಾನೇ ಎದ್ದು ಹೋಗ್ತೀನಿ ಬೇಟಿ, ಅವನ ಮನಸ್ಸು ನೋಯಿಸಿ ಉಣ್ಣೋದು ಬ್ಯಾಡ."

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಪ್ಪ ಯಾರ ಮೇಲೂ ಸಿಟ್ಟಾಗಿರಲಿಲ್ಲ. ಅವರನ್ನು ಕಾಡಿದ್ದು ನನ್ನ ಬಿಳಿ ಪೆನ್ಸಿಲು. ನಾಲ್ಕೂ ಫಿಲ್ಮು ಸಾಲಾಗಿ ತೂಗುಹಾಕಿ, ಗೆರೆ ತೋರಿಸಿ, ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದೆ. ಚಾಚಾ ಬೈಯಲಿಲ್ಲ. ಬಹಳ ಹೊತ್ತು ನೋಡಿ, ಮೆಲ್ಲಗೆ, "ಪೆಟಗಿ" ಅಂದರು.

ಇಬ್ಬರೂ ಕೋರಿನ ಶೆಡ್ಡಿಗೆ ಹೋದೆವು. ಪೆಟ್ಟಿಗೆಯ ಎರಡು ಹೋಳು ಬಿಡಿಸಿ ಚಾಚಾ ಒಳಗಿನ ಮರಳು ಊದಿದರು. ಮರದ ಬಿರುಕಿನಲ್ಲಿ ಮೇಣ ತುಂಬಿತ್ತು. ಮೇಣದ ಮೇಲೆ ಒಂದು ಹೆಬ್ಬೆರಳು ಆಳವಾಗಿ ಕೂತಿತ್ತು, ಓರೆ ಗೆರೆ ಸಮೇತ. ಪೆಟ್ಟಿಗೆಯಲ್ಲಿ ತಗ್ಗಿದ್ದರೆ ಮರಳಿನ ಕೋರಿನಲ್ಲಿ ಉಬ್ಬು, ಕೋರಿನಲ್ಲಿ ಉಬ್ಬಿದ್ದರೆ ಕಬ್ಬಿಣದಲ್ಲಿ ತಗ್ಗು. ಕೊನೆಯ ದಿನ ಬೆಳಿಗ್ಗೆ ಅಪ್ಪ ಬಿರುಕು ಮುಚ್ಚಿ, ಎಂದಿನಂತೆ ಹೆಬ್ಬೆರಳಿನಿಂದ ಒತ್ತಿ, ಮಧ್ಯಾಹ್ನ ಎದೆ ಹಿಡಿದುಕೊಂಡು ಮನೆಗೆ ಬಂದಿದ್ದ.

"ಆ ದಿನ ಸಂಜಿಗೇ ನಾ ಇದನ್ನ ಉಜ್ಜಿ ಸಾಫ್ ಮಾಡಿದ್ದೆನಲ್ಲ ಬೇಟಿ," ಅಂದರು ಚಾಚಾ. "ಈ ಕೈಯಿಲೇ ಮಾಡೀನಿ. ಆವಾಗ ಹಲಗಿ ಸಪಾಟಿತ್ತು."

ಮುದುಕರ ನೆನಪು ತಪ್ಪಿರಬಹುದು. ಆದರೆ ಅವರು ಸುಳ್ಳು ಹೇಳುವವರಾಗಿರಲಿಲ್ಲ, ಕೆಲಸ ಮರೆಯುವವರಂತೂ ಅಲ್ಲ.

ಅವರು ಉಜ್ಜುವ ಕಾಗದವನ್ನು ನನ್ನ ಕೈಗೆ ಕೊಟ್ಟು ಅತ್ತ ತಿರುಗಿ ನಿಂತರು. ಮೊದಲು ನನ್ನ ಬೆರಳನ್ನು ಆ ತಗ್ಗಿನಲ್ಲಿ ಇಟ್ಟೆ. ಮೇಣ ಬೆಚ್ಚಗಿತ್ತು. ಶೆಡ್ಡಿನ ತಗಡಿನ ಕೆಳಗೆ ಎಲ್ಲವೂ ಬೆಚ್ಚಗೇ ಇರುತ್ತದೆ, ನಿಜ. ಆಮೇಲೆ ಉಜ್ಜಿದೆ. ಗೆರೆ ಮೊದಲು ಹೋಯಿತು.

ಐದನೇ ಒಡಲಿನ ಫಿಲ್ಮನ್ನು ನಾನೇ ತೊಳೆದೆ. ಕೆಂಪು ದೀಪದಡಿ ಕಣ್ಣು ಮಿಟುಕಿಸದೆ ನಿಂತಿದ್ದೆ. ಮೊದಲು ಯಾವ ಕಲೆಯೂ ಏಳಲಿಲ್ಲ. ಪಂಪು ಒಂದೇ ಬಾರಿಗೆ ಮೆಲ್ಲಗೆ ಮೂಡಿತು. ಹನ್ನೊಂದಕ್ಕೆ ದೀಪದ ಮೇಲೆ ತೂಗುಹಾಕಿದಾಗ ಚಾಚಾ ಬಾಗಿಲಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಸಾಹೇಬರು ಅಭ್ಯಾಸಬಲದಿಂದ ನನ್ನ ಬಿಳಿ ಸುತ್ತು ಹುಡುಕಿದರು. ಸಿಗಲಿಲ್ಲ.

"ಏನವಾ, ಇವತ್ತ ಏನೂ ಇಲ್ಲೇನು?"

"ಏನೂ ಇಲ್ರಿ," ಅಂದೆ.

"ಹಂಗಾದ್ರ ಬರಿ."

ಚಾಚಾ ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದರು. ನಾನು ರಿಜಿಸ್ಟರು ತೆಗೆದು, ಅಪ್ಪ ಇದ್ದ ಜಾಗವನ್ನು ಇನ್ನೊಮ್ಮೆ ನೋಡಿ, ನನ್ನ ಕೈಯಾರೆ ಬರೆದೆ: ಏನೂ ಇಲ್ಲ.