ಕಾಕು ಮೇಜು ಕುಟ್ಟಿದ ದಿನ

ಸಹಿ ಮಾಡುವ ಮೊದಲು ಕಾಕು ಬಲಗೈಯ ಹಸಿರು ಬಳೆಗಳನ್ನು ಮೊಣಕೈವರೆಗೆ ಏರಿಸಿ, ಕೆಳಗೆ ಜಾರದಂತೆ ಕರವಸ್ತ್ರ ಬಿಗಿಯುತ್ತಿದ್ದರು. ರೊಟ್ಟಿ ಬಡಿಯುವಾಗಲೂ ಅಷ್ಟು ಸಿದ್ಧತೆ ಮಾಡಿಕೊಂಡವರಲ್ಲ. ಬರೆಯುವಾಗ ನಾಲಿಗೆಯ ತುದಿ ತುಟಿಯಾಚೆ ಇಣುಕುತ್ತಿತ್ತು. ಮುಗಿದ ಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿ, "ಛಲೋ ಬಂತೇನವಾ?" ಎಂದು ಕೇಳುವರು. ಯಾತಕ್ಕೆ ಸಹಿ ಎಂದರೆ, "ಅದನ್ನ ನಿಮ್ಮ ಕಾಕಾನ್ನ ಕೇಳು."

ಪಕ್ಕದ ಮನೆಯ ಈ ಕಾಕು ತೊಂಬತ್ತರ ದಶಕದ ನಡುವೆ ಹುಬ್ಬಳ್ಳಿಯ ನಮ್ಮ ವಾರ್ಡಿನಿಂದ ಪಾಲಿಕೆಯ ಸದಸ್ಯೆಯಾದರು. ಅದಕ್ಕೂ ಮೊದಲು ಸದಸ್ಯರಾಗಿದ್ದವರು ಅವರ ಗಂಡ, ಕಾಕಾ. ಸೀಟು ಹೆಂಗಸರಿಗೆ ಮೀಸಲಾದ ಕಾರಣ ಹೆಂಡತಿಯನ್ನು ನಿಲ್ಲಿಸಿದ್ದರು. ಗೆದ್ದ ಮೇಲೂ ಓಣಿಯಲ್ಲಿ ಮೆಂಬರ್ ಸಾಹೇಬರೆಂದರೆ ಕಾಕಾನೇ. ಕಟ್ಟೆಯ ಮೇಲೆ ಕುಳಿತು ಜನರ ಅಹವಾಲು ಕೇಳುವವರು ಅವರು, ಒಳಗೆ ಚಹಾ ಸೋಸುವವರು ಇವರು.

"ಆರಿಸಿ ಬಂದಾಕಿ ನಾನು, ಹಾರ ಹಾಕ್ಕೊಂಡವ್ರು ಇವರು. ಹಾರದಾಗಿನ ಇರಿವಿ ಅಷ್ಟ ನನಗ ಕಡದಾವು," ಎಂದು ತಾವೇ ನಗುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಅವರು ನಗಲಿಲ್ಲ. ನಮ್ಮ ಓಣಿಯಲ್ಲಿ ಸಂಡಾಸವಿದ್ದ ಮನೆಗಳು ಮೂರೋ ನಾಲ್ಕೋ. ಅವುಗಳಲ್ಲಿ ಕಾಕುವಿನ ಮನೆಯೂ ಒಂದು. ಉಳಿದ ಮನೆಗಳ ಹೆಂಗಸರು ಹೊತ್ತು ಮೂಡುವ ಮೊದಲೇ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಬಯಲಿಗೆ ಹೋಗಬೇಕು. ನನ್ನ ಅವ್ವ ಹೋಗುತ್ತಿದ್ದಳು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನೂ ಹೋಗುತ್ತಿದ್ದೆ. ಆ ಬಯಲನ್ನು ಯಾರೋ ಪ್ಲಾಟಿಗೆಂದು ಕೊಂಡಿದ್ದರು, ಒಂದು ಬದಿಯಿಂದ ಗೋಡೆ ಏಳತೊಡಗಿತ್ತು. ವೋಟು ಕೇಳಲು ಬಂದಾಗ ಹೆಂಗಸರು ಕಾಕುವಿಗೆ ಹೇಳಿದ್ದು ಒಂದೇ ಮಾತು: "ಗ್ವಾಡಿ ಮುಗಿಯೂದ್ರೊಳಗ ನಮಗೊಂದು ಸಂಡಾಸ ಆಗಬೇಕು ನೋಡ್ರಿ."

ಕಾಕು ತಿಂಗಳುಗಟ್ಟಲೆ ಗಂಡನ ಬೆನ್ನು ಹತ್ತಿದರು. ಕೊನೆಗೆ ಬಜೆಟ್ಟಿನ ಕರಡಿನಲ್ಲಿ ನಮ್ಮ ವಾರ್ಡಿಗೆ ಮಹಿಳಾ ಶೌಚಾಲಯ ಸೇರಿತು. ಆ ಸಾಲನ್ನು ನನ್ನಿಂದ ಮತ್ತೆ ಮತ್ತೆ ಓದಿಸಿಕೊಂಡು, ಅಂದೇ ಸಂಜೆ ಮನೆಮನೆಗೆ ಹೋಗಿ ಹೇಳಿ ಬಂದರು. "ಬರದಾರವಾ, ಖರೇನ ಬರದಾರ!"

ಬಜೆಟ್ ಸಭೆಗೆ ಮುಂಚೆ ಕಾಕಾ ಅವರಿಗೆ ತಾಲೀಮು ಕೊಟ್ಟರು. ಸಭೆಯಲ್ಲಿ ಒಪ್ಪಿಗೆಯೆಂದರೆ ಮೇಜು ಕುಟ್ಟುವುದು. "ನಾ ಗ್ಯಾಲರಿಯೊಳಗ ಕುಂತಿರ್ತೇನಿ. ಟೋಪಿಗಿ ತೆಗದ್ನೆಂದ್ರ ಕುಟ್ಟು. ಮಾತಾಡಾಕ ಹೋಗಬ್ಯಾಡ." ಕಾಕು ಊಟದ ಮಣೆಯ ಮೇಲೆ ಕುಟ್ಟಿ ತೋರಿಸಿದರು.

ಕಾಕು ಕರೆದರೆಂದು ನಾನೂ ಹೋದೆ, ಗ್ಯಾಲರಿಯಲ್ಲಿ ಕಾಕಾನ ಪಕ್ಕ ಕುಳಿತೆ. ತಿದ್ದುಪಡಿಗಳನ್ನು ಓದುತ್ತಿದ್ದವರು ಉಸಿರಿಗೂ ನಿಲ್ಲುತ್ತಿರಲಿಲ್ಲ. ನಮ್ಮ ವಾರ್ಡಿನ ಹೆಸರು ಬಂತು, ಮಹಿಳಾ ಶೌಚಾಲಯ ಎಂಬ ಮಾತು ಬಂತು. ಪಕ್ಕದಲ್ಲಿ ಟೋಪಿ ತಲೆಯಿಂದ ಇಳಿಯಿತು. ಕೆಳಗೆ ಕಾಕು ಎರಡೂ ಕೈಯಿಂದ ಮೇಜು ಕುಟ್ಟತೊಡಗಿದರು. ಅವರ ಸದ್ದಿನಲ್ಲೇ ವಾಕ್ಯದ ಉಳಿದ ಭಾಗ ಮುಗಿಯಿತು: ಸದರಿ ಮೊತ್ತವನ್ನು ಸ್ವಾಗತ ಕಮಾನಿಗೆ ವರ್ಗಾಯಿಸಲಾಗಿದೆ. ಉಳಿದವರೂ ಕುಟ್ಟಿದರು. ಕಾಕು ತಲೆಯೆತ್ತಿ ಗ್ಯಾಲರಿಯಲ್ಲಿ ನನ್ನನ್ನು ಹುಡುಕಿ ನಕ್ಕರು.

ಹೊರಗೆ ಮೆಟ್ಟಿಲ ಮೇಲೆ ಇನ್ನೊಬ್ಬ ಸದಸ್ಯರು ಎದುರಾದರು. "ಏನ್ ಕುಟ್ಟಿದ್ರಿ ಅಕ್ಕಾರ! ಮೇಜ ಮುರದಿದ್ರ ಅದನ್ನೂ ಬಜೆಟ್ಟಿನ್ಯಾಗ ಹಾಕಬೇಕಾಗ್ತಿತ್ತು. ಕಮಾನ ಬಂತು, ಪೇಢೆ ಯಾವಾಗ?"

"ಯಾ ಕಮಾನ್ರಿ?"

ಅವರು ಕಾಕಾನ ಮುಖ ನೋಡಿ, ಕೆಮ್ಮಿ, ಜಾಗ ಖಾಲಿ ಮಾಡಿದರು.

"ಅಪ್ಪನ ಹೆಸರಿಲೆ ಒಂದು ಕಮಾನ ಆಗಲಿ ಅಂತ ಬಾಳ ದಿವಸದಿಂದ ಇತ್ತು," ಎಂದರು ಕಾಕಾ. "ಸಂಡಾಸದ ಮ್ಯಾಲೆ ಯಾರರ ಹೆಸರ ಕೆತ್ತಸ್ತಾರೇನು? ಮುಂದಿನ ವರ್ಷ ನೋಡೂಣಂತ."

"ಕುಟ್ಟಿದಾಕಿ ನಾನ," ಎಂದರು ಕಾಕು.

ಮುಂದಿನ ವರ್ಷ ಕಮಾನಿಗೆ ದೀಪ ಬಂತು, ಅದರ ಮುಂದಿನ ವರ್ಷ ಬಣ್ಣ. ಗೋಡೆ ಮುಗಿದ ಮೇಲೆ ಹೆಂಗಸರು ರೈಲು ಹಳಿಯ ಆಚೆಗೆ ಹೋಗತೊಡಗಿದರು. ಕೊನೆಗೂ ಪಾಲಿಕೆ ಶೌಚಾಲಯ ಕಟ್ಟಿಸುವ ಹೊತ್ತಿಗೆ ಬಹಳ ಮನೆಗಳವರು ಸಾಲ ಮಾಡಿ ತಮ್ಮದನ್ನು ತಾವು ಕಟ್ಟಿಕೊಂಡಿದ್ದರು. ಅದಕ್ಕೆ ನೀರಿನ ನಳವನ್ನೇ ಕೊಡಲಿಲ್ಲ, ಬೀಗ ಬಿತ್ತು. ಕಾಕು ಎರಡನೆಯ ಸಲ ಚುನಾವಣೆಗೆ ನಿಲ್ಲಲಿಲ್ಲ. ಎರಡು ಸಾವಿರದ ದಶಕ ಮುಗಿಯುವ ಮೊದಲೇ ತೀರಿಕೊಂಡರು. ಅವರ ಹೆಣ ಆ ಕಮಾನಿನ ಕೆಳಗೇ ಹಾದು ಹೋಯಿತು, ಬೇರೆ ದಾರಿ ಇರಲಿಲ್ಲ. ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಗಂಡಸರು. ವಾರ್ಡಿಗೆ ಇಂಥ ಕಮಾನು ತಂದ ಧೀಮಂತ ಮಹಿಳೆ ಎಂದರು. ಹಿಂದಿನ ಸಾಲಿನಲ್ಲಿ ಕುಳಿತ ಓಣಿಯ ಹೆಂಗಸರು ನೆಲ ನೋಡುತ್ತಿದ್ದರು. ನಾನೂ ಎದ್ದು ಮಾತಾಡುವವಳಲ್ಲ. ಬಜೆಟ್ಟಿನ ಮರುದಿನ ನಡೆದದ್ದನ್ನು ಅಲ್ಲಿ ಯಾರೂ ಹೇಳಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಂದು ಇನ್ನೂ ಬೆಳಕು ಹರಿದಿರಲಿಲ್ಲ. ನಾವು ಆರೇಳು ಜನ ಓಣಿಯ ತಿರುವಿನಲ್ಲಿ ಸೇರಿದ್ದೆವು. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಕಾಕುವಿನ ಮನೆಯ ಬಾಗಿಲು ತೆರೆಯಿತು. ನೀರು ತುಂಬಿದ ಚೊಂಬು ಹಿಡಿದು ಕಾಕು ಹೊರಗೆ ಬಂದರು.

"ಬಂದ್ರು ನೋಡ್ರಿ ಮೆಂಬರ್ ಬಾಯಾರು," ಎಂದಳು ಕಡೆಯ ಮನೆಯಾಕೆ. "ನಮ್ಮನ್ನೆಲ್ಲಾ ಕಮಾನಿನ ಕೆಳಗ ಕುಂದರಸ್ತೀರೇನ್ರಿ?"

"ಬೈರಿ," ಎಂದರು ಕಾಕು. "ನಡಕೋತ ಬೈರಿ, ಬೆಳಕಾಗತೈತಿ."

ಹಿಂದಿನಿಂದ ಕಾಕಾ ಹೊಸ್ತಿಲಿಗೆ ಓಡಿ ಬಂದರು. "ಮನ್ಯಾಗ ಸಂಡಾಸ ಇಟ್ಕೊಂಡು ಎಲ್ಲಿಗೆ ಹೊಂಟಿ? ಮೆಂಬರ್ ಆದಾಕಿ ಬಯಲಿಗೆ ಹೋದ್ರ ಮಂದಿ ಏನಂದಾರು?"

"ಮೆಂಬರ್ ನೀವ್ರೀ. ನೀವು ಮನ್ಯಾಗ ಹೋಗ್ರಿ."

ಹೀಗೆಂದು ತಿರುಗಿ ನೋಡದೆ ಸೆರಗು ತಲೆಯ ಮೇಲೆ ಎಳೆದುಕೊಂಡು, ನನ್ನ ಮತ್ತು ಅವ್ವನ ನಡುವೆ ಜಾಗ ಮಾಡಿಕೊಂಡು, ಗೋಡೆ ಇನ್ನೂ ಎದ್ದಿರದ ಕಡೆಗೆ ನಮ್ಮ ಜೊತೆ ನಡೆದರು.