ಇಳಕಲ್ಲಿನ ಬಾವಿಗಳ ನಕ್ಷೆ

ಎಂಬತ್ತರ ದಶಕದ ಆರಂಭ, ಮಾರ್ಚ್ ತಿಂಗಳು. ಬೆಳಗಿನ ಪ್ಯಾಸೆಂಜರ್ ರೈಲಿನಿಂದ ಬಾಗಲಕೋಟೆಯಲ್ಲಿ ಒಬ್ಬಳೇ ಇಳಿದೆ. ನಗರ ಮತ್ತು ಪರಿಸರ ಯೋಜನೆಯ ಸ್ನಾತಕೋತ್ತರ ವ್ಯಾಸಂಗದ ಕೊನೆಯ ವರ್ಷವದು. ಪ್ರಬಂಧಕ್ಕಾಗಿ ಒಬ್ಬೊಬ್ಬರೂ ಒಂದೊಂದು ಊರಿನ ನೀರಿನ ನಕ್ಷೆ ತಯಾರಿಸಬೇಕಿತ್ತು. ಕೆರೆ, ಗುಡ್ಡಗಳ ಆಸೆಗೆ ಸಹಪಾಠಿಗಳು ಬಾದಾಮಿಯಲ್ಲೇ ಇಳಿದುಕೊಂಡಿದ್ದರು. ನನ್ನ ಪಾಲಿಗೆ ಬಂದದ್ದು ಇಳಕಲ್.

ಹುನಗುಂದದ ಬಸ್ಸು ಒಂದು ತಾಸು ತಡವಾಗಿ ಬಂತು. ದಾರಿಯುದ್ದಕ್ಕೂ ಜೋಳ ಕೊಯ್ದು ಬರಿದಾದ ಎರೆಹೊಲ, ಬಿಸಿಗಾಳಿ. ಹುನಗುಂದದಲ್ಲಿ ಚಹಾ ಕುಡಿದು ಬಸ್ಸು ಬದಲಿಸಿ, ಇಳಕಲ್ಲಿನವರೆಗೆ ನಿಂತೇ ಹೋದೆ.

ನಮ್ಮ ಹಾಸ್ಟೆಲ್ಲಿನ ಅಡುಗೆಯಾಕೆಯ ಅಕ್ಕ ಗಂಗವ್ವನ ಮನೆಯಲ್ಲಿ ಉಳಿದೆ. ಐವತ್ತು ದಾಟಿದ ವಿಧವೆ. ಹಿತ್ತಿಲಲ್ಲಿ ಹಂಡೆ ಇಟ್ಟು ನೇಕಾರರ ನೂಲಿಗೆ ಬಣ್ಣ ಹಾಕುವುದೇ ಆಕೆಯ ಜೀವನ. ಮಿಕ್ಕ ಬಣ್ಣದ ನೀರು ಅಲ್ಲೇ ಒಂದು ಗುಂಡಿಗೆ ಹೋಗುತ್ತಿತ್ತು.

ಎರಡು ದಿನ ಓಣಿ ಓಣಿ ತಿರುಗಿ, ಹೆಜ್ಜೆ ಎಣಿಸಿ, ಬಾವಿಗಳನ್ನು ಹಾಳೆಯ ಮೇಲೆ ಗುರುತಿಸಿದೆ. ಮೂರನೆಯ ದಿನ ಪಕ್ಕದ ಮನೆಯ ನೀಲವ್ವ ತನ್ನ ಬಾವಿಯಿಂದ ಸೇದಿ ಕೊಟ್ಟ ನೀರನ್ನು ಬಿಸಿಲಿಗೆ ಹಿಡಿದಾಗ ತೆಳುವಾಗಿ ಕೆಂಪು ಕಂಡಿತು. ಇಲ್ಲಿಯ ಕಲ್ಲೇ ಕೆಂಪು, ಅದಕ್ಕೇ ಹಾಗೆ ಎಂದಳು. ಕುಡಿಯಬೇಡಿ ಎಂದೆ. ಯಾಕೆಂದು ಕೇಳಿದಾಗ ನಕ್ಷೆ ಬಿಡಿಸಿ, ಇಳಿಜಾರು ತೋರಿಸಿ, ಗುಂಡಿಯಿಂದ ಬಾವಿಗೆ ಒಂದು ಬಾಣ ಎಳೆದೆ. ಪರೀಕ್ಷಕರಿಗೆ ಸರಿಯುತ್ತರ ಹೇಳಿದಷ್ಟು ಹೆಮ್ಮೆಯಾಯಿತು. ಆ ಬಾಣದ ಬಾಲ ನಾನು ಉಣ್ಣುತ್ತಿದ್ದ ಮನೆಯಲ್ಲಿದೆ ಎಂಬುದು ಹೊಳೆಯಲೇ ಇಲ್ಲ.

ನೀಲವ್ವನಿಂದ ಸುದ್ದಿ ತಿಳಿದು, ಸಂಜೆ ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತರು. ಯಾರೂ ದನಿ ಏರಿಸಲಿಲ್ಲ. ನೀಲವ್ವನ ಮೊಮ್ಮಗಳ ಹೊಟ್ಟೆನೋವಿನ ಮಾತು ಬಂತು. ನಾಳೆಯಿಂದ ಓಣಿಯಲ್ಲಿ ಬಣ್ಣ ಹಾಕಕೂಡದು ಎಂದು ತೀರ್ಮಾನವಾಯಿತು. ಊರಾಚೆ ಗಚ್ಚಿನ ತೊಟ್ಟಿ ಕಟ್ಟಿಸಿದರೆ ಕೆಲಸ ಉಳಿದೀತು ಎಂದೆ. ಕಟ್ಟಿಸುವವರು ಯಾರು ಎಂದು ಒಬ್ಬರು ಮೆಲ್ಲಗೆ ಕೇಳಿದರು. ಗಂಗವ್ವ ಆಗಲಿ ಎಂದು ಎದ್ದಳು.

ಮನೆಗೆ ಬಂದು ನನಗೆ ರೊಟ್ಟಿ ಬಡಿಸಿ, ನಕ್ಷೆ ತೋರಿಸು ಎಂದಳು. ಓದು ಬಾರದಾಕೆ, ತನ್ನ ಮನೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

“ಛಂದ ಬರದೀ. ಎಲ್ಲಿ ಹಾಕಬಾರದು ಅಂತ ಐತಿ. ಎಲ್ಲಿ ಹಾಕಬೇಕು ಅನ್ನೂದು ಎಲ್ಲೈತವ್ವಾ?”

ಅದನ್ನು ಬರೆದಿಲ್ಲ ಎಂದೆ.

“ಇರ್ಲಿ, ಸುಳ್ಳೇನು ಬರದಿಲ್ಲಲ್ಲ. ಆ ಕೂಸು ನನಗೂ ಮೊಮ್ಮಗಳಿದ್ದಂಗ. ಉಣ್ಣು.”

ಆ ನಕ್ಷೆಗೆ ಮುಂದೆ ತರಗತಿಯಲ್ಲೇ ಅತಿ ಹೆಚ್ಚು ಅಂಕ ಬಂದವು.

ಮರುದಿನ ಬೆಳಿಗ್ಗೆ ಬೇಡವೆಂದರೂ ಗಂಗವ್ವ ಬಸ್ ನಿಲ್ದಾಣದವರೆಗೆ ಬಂದು, ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಕಿಟಕಿಯಿಂದ ಕೊಟ್ಟಳು. ನನ್ನದು ತಪ್ಪಾಯಿತು ಎನ್ನಬೇಕೆಂದಿದ್ದೆ; ಆದರೆ ತಪ್ಪು ಯಾವುದೆಂದು ನನಗೇ ಹೇಳಲಾಗಲಿಲ್ಲ. ಬಸ್ಸು ಹೊರಳುವಾಗ ತಿರುಗಿ ನೋಡಿದೆ. ಗಂಗವ್ವ ತನ್ನ ಓಣಿಯ ಕಡೆ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು, ಮಗ್ಗದ ಮನೆಗಳಿದ್ದ ದಿಕ್ಕಿಗೆ, ನೂಲು ಸುತ್ತುವ ಕೂಲಿ ಕೇಳಲು ನಡೆದಳು.