ಸೌರಫಲಕದ ಮೇಲೆ ಒಣಹಾಕಿದ ಸಂಡಿಗೆ

ನಂಜುಂಡ, ನಿನ್ನ ಪ್ರಯೋಗ ಕೆಟ್ಟದ್ದು ನಿನ್ನ ತಲೆಯಿಂದಲ್ಲ, ನನ್ನ ಸಂಡಿಗೆಯಿಂದ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಅಕ್ಕ ಬಾಯಿ ಬಿಡಲಿಲ್ಲ.

ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನೀನು ಎಂಎಸ್ಸಿ ಓದುತ್ತಿದ್ದೆ—ಅಮ್ಮ ಹೋದ ಮೇಲೆ ನನ್ನ ಕೈತುತ್ತು ತಿಂದು ಬೆಳೆದ ಹುಡುಗ. ನಮ್ಮ ನಜರ್‌ಬಾದ್ ಮನೆಯ ತಾರಸಿಗೆ ನೀನು ಸೌರಫಲಕ ತಂದಾಗ ನಾನು ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಫಲಕದಿಂದ ಎರಡು ತಂತಿ, ತಂತಿಯ ತುದಿಗೆ ಗಾಜಿನ ಸೀಸೆ, ಸೀಸೆಯ ನೀರಿಗೆ ಸೋಡಾ ಅಂಗಡಿಯ ಸಿಲಿಂಡರಿನಿಂದ ಗ್ಯಾಸು.

"ಹೊಗೇಲಿ ಹೋಗೋ ಗ್ಯಾಸೇ ಕಣಕ್ಕ ಇದು. ಬಿಸಿಲಿನ ಕರೆಂಟು ಕೊಟ್ರೆ ಇರುವೆ ಮೈಯಲ್ಲಿರೋ ಹುಳಿ ಆಗುತ್ತೆ. ಚರ್ಮ ಹದ ಮಾಡೋರು, ರಬ್ಬರಿನೋರು ಎಲ್ಲಾ ಕೊಂಡ್ಕೋತಾರೆ."

"ಇರುವೆ ಕಚ್ಚೋದು ಸಾಲ್ದು ಅಂತ ಸೀಸೇಲಿ ಬೇರೆ ಮಾಡ್ತೀಯೇನೋ?"

ಇಬ್ಬರೂ ನಕ್ಕೆವು—ಎಷ್ಟು ನಕ್ಕೆವು.

ಲ್ಯಾಬಿನ ಕರೆಂಟಿನಲ್ಲಿ ಅದು ಆಗಿತ್ತಂತೆ. ಬಿಸಿಲಿನಲ್ಲೂ ಆದರೆ ನಿಮ್ಮ ಮೇಷ್ಟ್ರು ನಿನ್ನನ್ನು ಸಂಶೋಧನೆಗೆ ಸೇರಿಸಿಕೊಳ್ಳುವವರಿದ್ದರು. ಸೀಸೆ ಮುಟ್ಟಬೇಡ ಅಂತ ನೀನು ಹೇಳಿದ್ದೆ. ನಾನು ಮುಟ್ಟಲಿಲ್ಲ. ಆದರೆ ಫಲಕ—ಅದು ನನ್ನ ಕಣ್ಣಿಗೆ ಬರೀ ನುಣ್ಣನೆಯ ಗಾಜು, ಬಿಸಿಲಿಗೆ ಮುಖ ಮಾಡಿ ಮಲಗಿದ್ದು. ಮಣ್ಣಿಲ್ಲ, ಧೂಳಿಲ್ಲ. ನೀನು ಅತ್ತ ಹೋದ ಮೇಲೆ ಒದ್ದೆ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದೆ. ನೀನು ಬರುವಷ್ಟರಲ್ಲಿ ತೆಗೆಯುತ್ತಿದ್ದೆ—ರೇಗುತ್ತೀಯ ಅಂತ, ಅಷ್ಟೇ.

ಸಂಜೆ ನೀನು ಸೀಸೆಯ ನೀರು ಪರೀಕ್ಷಿಸಿದರೆ ಹುಳಿಯೇ ಇಲ್ಲ. ನೀನು ಸೀಸೆಯೊಳಗಿನ ತಗಡು ಬದಲಾಯಿಸಿದೆ, ನೀರಿಗೆ ಹಾಕಿದ ಉಪ್ಪು ಬದಲಾಯಿಸಿದೆ, ಊಟ ಬಿಟ್ಟೆ.

ಒಂದು ಮಧ್ಯಾಹ್ನ ಸಂಡಿಗೆ ಬೇಗ ಒಣಗಿತ್ತು. ಪಂಚೆ ಎತ್ತಿದೆ. ಸೀಸೆಯ ಪಕ್ಕ ನೀನಿಟ್ಟಿದ್ದ ಕರೆಂಟಿನ ಮೀಟರಿನಲ್ಲಿ ಸತ್ತಂತೆ ಬಿದ್ದಿದ್ದ ಮುಳ್ಳು ಸರ್ರನೆ ಎದ್ದಿತು. ಮತ್ತೆ ಹಾಸಿದೆ—ಬಿತ್ತು. ಓದದವಳಿಗೂ ಅರ್ಥವಾಗುವಂಥದ್ದು ಅದು.

ಹೇಳಬೇಕು ಅಂತಲೇ ಕಾದಿದ್ದೆ. ನೀನು ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತೆ. "ಆಗಲ್ಲ ಅಂತ ಮೇಷ್ಟ್ರಿಗೆ ಹೇಳ್ಬುಟ್ಟೆ ಕಣಕ್ಕ. ನನ್ ತಲೆಗೆ ಇದು ಹತ್ತಲ್ಲ."

ಆಗಲಾದರೂ—ಒಂದು ಮಾತು ಸಾಕಿತ್ತು. ಬೆಳಿಗ್ಗೆ ಹೋಗಿ ಅವರಿಗೆ ತಿಳಿಸಬಹುದಿತ್ತು ನೀನು. ಅಕ್ಕ ಅಂದರೆ ನಿನಗೆ ದೇವರು. ಆ ನೋಟ ಎಲ್ಲಿ ಹೋಗಿಬಿಡುತ್ತದೋ ಅಂತ ನಾನು—ಇಲ್ಲ, ಕಾರಣ ಕೊಡುವುದಿಲ್ಲ. ನಿನ್ನ ತಲೆ ಸವರಿದೆ.

"ಹೋಗ್ಲಿ ಬುಡು ಮಗ, ಎಲ್ಲಾ ಎಲ್ಲಾರ ಕೈಲೂ ಆಗ್ತದಾ?"

ನೀನು ನಂಬಿದೆ. ಹೆಬ್ಬಾಳದ ಕಾರ್ಖಾನೆಯ ಶಿಫ್ಟಿಗೆ ಬಸ್ಸು ಹತ್ತಿದವನು ಮತ್ತೆ ಆ ಪುಸ್ತಕಗಳನ್ನು ತೆಗೆಯಲೇ ಇಲ್ಲ.

ಮೊನ್ನೆ ನಿನ್ನ ಮಗಳು ಗೌರಿ ಸೈನ್ಸ್ ತಗೋತೀನಿ ಅಂದಾಗ ನೀನು ನಗುತ್ತಲೇ ಹೇಳಿದೆ: "ನಮ್ಮನೆಯೋರ ತಲೆಗೆ ಅದು ಹತ್ತಲ್ಲ ಕಣಮ್ಮ." ಮಗು ಮುಖ ತಗ್ಗಿಸಿತು. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ.

ಬಾಯಲ್ಲಿ ಹೇಳಲು ಹೋದರೆ ಮತ್ತೆ ಸಮಾಧಾನದ ಮಾತೇ ಬಂದೀತು ಅಂತ ಇದನ್ನು ಬರೆದಿದ್ದೇನೆ. ಭಾನುವಾರ ಗೌರಿಯನ್ನೂ ಕೂರಿಸಿಕೊಂಡು ಇಷ್ಟನ್ನೂ ಓದುತ್ತೇನೆ. ನೀನು ರೇಗು, ಎದ್ದು ಹೋಗು, ನನ್ನ ಹತ್ತಿರ ಮಾತು ಬಿಡು. ಅವಳು ಮಾತ್ರ ಕೊನೆಯವರೆಗೂ ಕೇಳಿಸಿಕೊಳ್ಳಲಿ—ಅವಳ ಅಪ್ಪನ ತಲೆಯಲ್ಲಿ ಯಾವ ಕೊರತೆಯೂ ಇರಲಿಲ್ಲ.